‘ಮೊದಲಿನ ರುಚಿ ಇಲ್ಲ’: ಬೆಂಗಳೂರಿನ ತಿಂಡಿ ಹೋಟೆಲುಗಳಲ್ಲಿ ಬದಲಾಗಿದ್ದು ಏನು?

ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿ ದೋಸೆಯ ಮಾತೆತ್ತಿದರೆ ಹತ್ತು ನಿಮಿಷದಲ್ಲಿ ಎರಡು ಪಂಗಡವಾಗುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದವರು ಒಂದು ಕಡೆ, ಮಲ್ಲೇಶ್ವರದ ಸಿಟಿಆರ್‌ನವರು ಇನ್ನೊಂದು ಕಡೆ. ನಡುವೆ ಯಾರೋ ಎಂಟಿಆರ್ ಹೆಸರು ತೆಗೆಯುತ್ತಾರೆ, ಇನ್ಯಾರೋ ಇಡ್ಲಿ ಅಂದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮಾತ್ರ ಎಂದು ತೀರ್ಪು ಕೊಡುತ್ತಾರೆ. ಜಗಳ ಬಗೆಹರಿಯುವುದಿಲ್ಲ. ಆದರೆ ಎದ್ದು ಹೊರಡುವಾಗ ಎಲ್ಲರೂ ಒಪ್ಪುವ ಒಂದು ಮಾತಿರುತ್ತದೆ: ‘ಏನೇ ಹೇಳಿ, ಮೊದಲಿನ ರುಚಿ ಈಗ ಎಲ್ಲೂ ಇಲ್ಲ ಬಿಡಿ.’

ಈ ದೂರಿನಲ್ಲಿ ಹಳೆಯದರ ಮೇಲಿನ ಮೋಹದ ಪಾಲು ಇದ್ದೇ ಇದೆ. ಕಾಲೇಜು ದಿನಗಳ ಹಸಿವಿನಲ್ಲಿ ತಿಂದ ದೋಸೆಗೆ ಈಗಿನ ಯಾವ ದೋಸೆಯೂ ಸಾಟಿಯಾಗದು. ಅಷ್ಟನ್ನು ಕಳೆದ ಮೇಲೂ ದೂರು ಪೂರ್ತಿ ಬಿದ್ದುಹೋಗುವುದಿಲ್ಲ; ಉಳಿದದ್ದಕ್ಕೆ ಕಾರಣವನ್ನು ಅಡುಗೆಮನೆಯಲ್ಲೇ ಬೊಟ್ಟು ಮಾಡಿ ತೋರಿಸಬಹುದು. ಇತ್ತೀಚಿನ ವರ್ಷಗಳಲ್ಲಿ ನಗರದ ತಿಂಡಿ ವ್ಯಾಪಾರ ಒಂದು ಹೋಟೆಲಿನ ಲೆಕ್ಕದಿಂದ ಶಾಖೆಗಳ ಲೆಕ್ಕಕ್ಕೆ ಹೊರಳಿದೆ. ಹಿಟ್ಟು ರುಬ್ಬುವ ಜಾಗಕ್ಕೂ ದೋಸೆ ಹುಯ್ಯುವ ಜಾಗಕ್ಕೂ ನಡುವೆ ಹತ್ತಾರು ಕಿಲೋಮೀಟರ್ ಬಂದು ಕೂತಿದೆ. ಬಾಡಿಗೆ, ಗ್ಯಾಸು, ತೆಂಗಿನಕಾಯಿ, ಕಾಫಿ ಪುಡಿ ಎಲ್ಲವೂ ಏರಿವೆ. ಇವೆಲ್ಲದರ ಪರಿಣಾಮ ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮಾಡಿದ ಪದಾರ್ಥ ತಟ್ಟೆಗೆ ಬರುವ ಮುಂಚೆ ಎಷ್ಟು ಹೊತ್ತು ಕಾಯುತ್ತದೆ? ತಾತನ ಕಾಲದ ಗುಟ್ಟಿನ ಮಸಾಲೆ ಎಂಬುದಕ್ಕೆ ಜನ ಕೊಡುವ ಬೆಲೆಯ ಅರ್ಧದಷ್ಟನ್ನಾದರೂ ಈ ಕಾಯುವ ಹೊತ್ತಿನ ಲೆಕ್ಕಕ್ಕೆ ಕೊಟ್ಟರೆ ಯಾವ ಹೋಟೆಲು ಯಾಕೆ ಹಾಗೆ ಎಂಬುದು ತಿಳಿಯುತ್ತದೆ.

ಅದಕ್ಕೂ ಮೊದಲು, ಜಗಳವಾಡುವವರು ಹೋಲಿಸುತ್ತಿರುವುದು ಒಂದೇ ದೋಸೆಯನ್ನಲ್ಲ. ವಿದ್ಯಾರ್ಥಿ ಭವನದ್ದು ದಪ್ಪ. ಹೊರಗೆ ಕಂದು, ಒಳಗೆ ಮೆತ್ತಗೆ. ಸಿಟಿಆರ್‌ದು ಬೆಣ್ಣೆಯಲ್ಲಿ ಗರಿಗರಿಯಾಗುವ ಜಾತಿ. ಎಂಟಿಆರ್‌ನಲ್ಲಿ ದೋಸೆಯ ಪಕ್ಕ ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ. ದಾವಣಗೆರೆ ಬೆಣ್ಣೆ ದೋಸೆ ಬೇರೆಯೇ ಕುಲ: ಹಿಟ್ಟಿಗೆ ಮಂಡಕ್ಕಿ ಬೀಳುತ್ತದೆ, ಮೇಲೆ ಬಿಳಿ ಬೆಣ್ಣೆ, ಪಲ್ಯಕ್ಕೆ ಅರಿಸಿನದ ಬಣ್ಣವೂ ಇಲ್ಲ, ಒಳಗೆ ಕೆಂಪು ಚಟ್ನಿ ಸವರುವುದೂ ಇಲ್ಲ. ಇವುಗಳಲ್ಲಿ ಯಾವುದು ಮೇಲು ಎನ್ನುವುದು ನಾಲಿಗೆಯ ರೂಢಿ. ಒಂದೇ ಜಾತಿಯ ಎರಡು ದೋಸೆಗಳ ನಡುವೆ ಒಂದು ಚೆನ್ನಾಗಿದ್ದು ಇನ್ನೊಂದು ಯಾಕೆ ಕೆಟ್ಟಿತು ಎಂಬುದನ್ನು ಮಾತ್ರ ಬಿಡಿಸಿ ಹೇಳಲು ಸಾಧ್ಯ.

ಹಿಟ್ಟು, ಕಾವಲಿ ಮತ್ತು ಗಡಿಯಾರ

ಹೋಟೆಲಿನ ಮಸಾಲೆ ದೋಸೆಗೆ ಸಾಮಾನ್ಯ ಅಳತೆ ನಾಲ್ಕು ಪಾಲು ದೋಸೆ ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ. ಗರಿ ಹೆಚ್ಚು ಬೇಕೆನ್ನುವವರು ಐದಕ್ಕೆ ಒಂದು ಹಾಕುತ್ತಾರೆ. ಕಿಲೋ ಅಕ್ಕಿಗೆ ಒಂದು ದೊಡ್ಡ ಚಮಚ ಮೆಂತ್ಯ, ಒಂದೊಂದು ಹಿಡಿ ಕಡಲೆಬೇಳೆ ಮತ್ತು ಅವಲಕ್ಕಿ. ನಾಲ್ಕೈದು ಗಂಟೆ ನೆನೆಸಿ, ರುಬ್ಬಿ, ಎಂಟು–ಹತ್ತು ಗಂಟೆ ಹುಳಿ ಬರಲು ಬಿಡುವುದು. ಕಿಲೋ ಅಕ್ಕಿ, ಕಾಲು ಕಿಲೋ ಉದ್ದಿಗೆ ಸುಮಾರು ಮೂರು ಕಿಲೋ ಹಿಟ್ಟು ಬರುತ್ತದೆ. ಸೌಟಿಗೆ 120ರಿಂದ 130 ಗ್ರಾಂ ಹಿಡಿದರೆ 23–25 ದೋಸೆ. ಈ ಅಳತೆಯಲ್ಲಿ ಯಾವ ಗುಟ್ಟೂ ಇಲ್ಲ. ನಗರದ ಯಾವ ದೋಸೆ ಭಟ್ಟರನ್ನು ಕೇಳಿದರೂ ಇದರ ಆಸುಪಾಸಿನಲ್ಲೇ ಹೇಳುತ್ತಾರೆ.

ಹುಳಿ ಬರುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಿಟ್ಟಿನಲ್ಲಿ ಗಾಳಿ ಹುಟ್ಟುತ್ತದೆ, ಉದ್ದಿನ ಲೋಳೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಅಕ್ಕಿಯ ಪಿಷ್ಟ ಅಲ್ಪಸ್ವಲ್ಪ ಒಡೆದು ಸಕ್ಕರೆಯಾಗುತ್ತದೆ. ಕಾವಲಿಯ ಮೇಲೆ ಹೊಂಬಣ್ಣ ಬರುವುದು ಈ ಸಕ್ಕರೆ ಮತ್ತು ಬೇಳೆಯ ಪ್ರೋಟೀನು ಬಿಸಿಗೆ ಕೂಡುವುದರಿಂದ. ಹಿಟ್ಟಿಗೆ ಹೊತ್ತು ಸಾಲದಿದ್ದರೆ ದೋಸೆ ಬಿಳಿಚಿಕೊಳ್ಳುತ್ತದೆ. ಆಗ ಕೆಲವು ಕಡೆ ಒಂದು ಹಿಡಿ ಸಕ್ಕರೆ ಹಾಕಿ ಬಣ್ಣ ಬರಿಸುತ್ತಾರೆ. ಬಣ್ಣವೇನೋ ಬರುತ್ತದೆ, ಆದರೆ ಸಕ್ಕರೆ ತೇವ ಎಳೆದುಕೊಳ್ಳುವ ಪದಾರ್ಥ. ದೋಸೆ ತಟ್ಟೆಗೆ ಬಂದು ಎರಡು ನಿಮಿಷಕ್ಕೆ ಚರ್ಮದಂತಾಗುತ್ತದೆ. ನೋಡಲು ಕೆಂಪಗಿದ್ದು ಮುರಿಯಲು ಹೋದರೆ ಎಳೆಯಬೇಕಾದ ದೋಸೆ ಸಿಕ್ಕಿದರೆ ಮೊದಲು ಇದನ್ನೇ ಶಂಕಿಸಿ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಳಿ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ಎಂಟು ಗಂಟೆಯ ಹಿಟ್ಟು ಹನ್ನೆರಡು ಗಂಟೆ ಕೇಳುತ್ತದೆ. ಆಗ ರುಬ್ಬುವ ಹೊತ್ತನ್ನು ಮುಂಚೆ ಮಾಡಿಕೊಳ್ಳದ ಹೋಟೆಲು ಬೆಳಗಿನ ಏಳರ ಗಿರಾಕಿಗೆ ಸೋಡಾ ಹಾಕಿದ ಹಿಟ್ಟು ಹುಯ್ಯಬೇಕಾಗುತ್ತದೆ. ನಾಲಿಗೆಯ ಹಿಂಬದಿಗೆ ಸಾಬೂನಿನ ಛಾಯೆ ಬಂದರೆ ಅದು ಸೋಡಾದ್ದು.

ಇನ್ನು ಕಾವಲಿ. ಒಳ್ಳೆಯ ಹೋಟೆಲಿನ ಕಾವಲಿ ಹೆಬ್ಬೆರಳ ದಪ್ಪದ ಕಬ್ಬಿಣದ ಹಲಗೆ. ಒಂದು ಸುತ್ತಿಗೆ ಹನ್ನೆರಡು ದೋಸೆ ಎಂದರೆ ಒಂದೂವರೆ ಕಿಲೋ ಹಿಟ್ಟು ಒಂದೇ ನಿಮಿಷದಲ್ಲಿ ಅದರ ಮೇಲೆ ಬೀಳುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ದಪ್ಪ ಕಬ್ಬಿಣಕ್ಕೆ ಆ ಹೊಡೆತ ತಡೆಯುವಷ್ಟು ಕಾವು ಒಳಗೆ ಸಂಗ್ರಹ ಇರುತ್ತದೆ. ತೆಳ್ಳನೆಯದು ತಣ್ಣಗಾಗಿಬಿಡುತ್ತದೆ, ದೋಸೆ ಬೇಯುವ ಬದಲು ಒಣಗುತ್ತದೆ. ಭಟ್ಟರು ಪ್ರತಿ ಸುತ್ತಿಗೂ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುವುದು ಬರೀ ಸ್ವಚ್ಛತೆಗಲ್ಲ; ಮೇಲ್ಮೈಯ ಕಾವನ್ನು ಒಂದು ಕ್ಷಣ ಇಳಿಸುವುದಕ್ಕೆ. ಕಾವು ಜಾಸ್ತಿಯಾದರೆ ಸೌಟು ತಿರುಗಿಸುವಷ್ಟರಲ್ಲಿ ಹಿಟ್ಟು ಕಚ್ಚಿಕೊಂಡು ಸೌಟಿನ ಜೊತೆಯೇ ಸುತ್ತಿಕೊಳ್ಳುತ್ತದೆ. ಕಮ್ಮಿಯಾದರೆ ಮೇಲೆ ತೂತು ಬೀಳುವುದಿಲ್ಲ. ನೀರಿನ ಹನಿ ಬಿದ್ದೊಡನೆ ‘ಚುಂಯ್’ ಎಂದು ಒಂದೆರಡು ಸೆಕೆಂಡಲ್ಲಿ ಆರಿಹೋಗಬೇಕು. ಹನಿ ಗುಂಡಾಗಿ ಓಡಾಡಿದರೆ ಕಾವು ಹೆಚ್ಚು, ಅಲ್ಲೇ ಕೂತು ಕುದಿದರೆ ಕಮ್ಮಿ.

ಬಾಗಿಲು ತೆರೆದ ಹೊತ್ತಿನ ಮೊದಲ ಎರಡು ಸುತ್ತು ಸಾಧಾರಣ ಇರುವುದು ಇದೇ ಕಾರಣಕ್ಕೆ, ಕಾವಲಿ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಬೆಳಗ್ಗೆ ಎಂಟರಿಂದ ಹತ್ತರ ನಡುವಿನ ದೋಸೆ ಉತ್ತಮ. ಜನಜಂಗುಳಿಯ ಹೊತ್ತಿನಲ್ಲಿ ರುಚಿ ಕೆಡುತ್ತದೆ ಎಂಬ ನಂಬಿಕೆ ಇದೆಯಲ್ಲ, ದೋಸೆಯ ಮಟ್ಟಿಗೆ ಅದು ತಲೆಕೆಳಗು. ಸಾಲು ಇದ್ದಾಗ ಕಾವಲಿ ಖಾಲಿ ಬೀಳುವುದಿಲ್ಲ, ಕಾವು ಒಂದೇ ಹದದಲ್ಲಿ ನಿಲ್ಲುತ್ತದೆ, ಹಿಟ್ಟಿನ ಪಾತ್ರೆ ಬೇಗ ಬರಿದಾಗಿ ಹೊಸದು ಬರುತ್ತದೆ. ಮಧ್ಯಾಹ್ನ ಮೂರಕ್ಕೆ ಒಬ್ಬನೇ ಹೋಗಿ ಒಂದು ಮಸಾಲೆ ಕೇಳಿದವನಿಗೆ ಅರೆಗಾವಿನ ಕಾವಲಿ ಮತ್ತು ಬೆಳಗಿನ ಹಿಟ್ಟು ಸಿಗುತ್ತದೆ.

ನಿಂತು ತಿನ್ನುವ ಲೆಕ್ಕ

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದಾಗ ಬೆಂಗಳೂರಿನ ಹೋಟೆಲು ವ್ಯಾಪಾರಕ್ಕೆ ಹೊಸ ಗಣಿತ ಬಂತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊ, ಕಣ್ಣೆದುರೇ ಮಾಡಿದ್ದನ್ನು ಕೈಯಲ್ಲಿ ಹಿಡಿ, ನಿಂತು ತಿನ್ನು, ತಟ್ಟೆ ಇಟ್ಟು ಹೋಗು. ಕೂತು ತಿನ್ನುವವರು ಒಂದು ಜಾಗವನ್ನು 25–30 ನಿಮಿಷ ಹಿಡಿದರೆ ನಿಂತವರು ಎಂಟು–ಹತ್ತು ನಿಮಿಷದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಅದೇ ಬಾಡಿಗೆಯಲ್ಲಿ ಮೂರು ಪಟ್ಟು ವ್ಯಾಪಾರ ಎಂದಾಗ ತಟ್ಟೆಯ ಮೇಲೆ ಬೀಳುವ ಬಾಡಿಗೆ ಮೂರನೇ ಒಂದು ಭಾಗಕ್ಕಿಳಿಯುತ್ತದೆ.

ಅಗ್ಗ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಅದರ ಹಿಂದೆಯೇ ಬಂದ ಇನ್ನೊಂದು ಲಾಭವನ್ನು ಹೇಳುವವರು ಕಮ್ಮಿ. ಈ ವೇಗದಲ್ಲಿ ಯಾವ ಪದಾರ್ಥವೂ ಕಾಯುತ್ತಾ ಕೂರುವುದಿಲ್ಲ. ಇಡ್ಲಿ ಒಬ್ಬೆಯಿಂದ ಇಳಿದ ಹತ್ತು ನಿಮಿಷಕ್ಕೆ ಖಾಲಿ, ವಡೆ ಬಾಣಲೆಯಿಂದ ನೇರ ತಟ್ಟೆಗೆ. 1965ರಿಂದ ನಡೆದುಬಂದಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ–ಟೀ ಬಿಟ್ಟರೆ ಹೆಚ್ಚೇನೂ ಇಲ್ಲ, ಸಾಂಬಾರಂತೂ ಇಲ್ಲವೇ ಇಲ್ಲ. 1977ರಲ್ಲಿ ಶುರುವಾದ ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನದೂ ಹೆಚ್ಚುಕಡಿಮೆ ಅದೇ ದಾರಿ. ಪಟ್ಟಿ ಚಿಕ್ಕದಿದ್ದಷ್ಟೂ ಪ್ರತಿ ಪದಾರ್ಥ ಬೇಗ ತಿರುಗುತ್ತದೆ.

ಈಗಿನ ಹೊಸ ತಿಂಡಿ ಹೋಟೆಲುಗಳು ಈ ಗಣಿತವನ್ನು ಎರಡು ಕಡೆ ಮುರಿದಿವೆ. ಮೊದಲನೆಯದು ಪಟ್ಟಿಯ ಉದ್ದ. ಬೆಳಗ್ಗೆ ಇಡ್ಲಿ–ದೋಸೆ ಮಾಡಿ ಸಂಜೆಗೆ ಗೋಬಿ ಮಂಚೂರಿ, ಪಾವ್ ಭಾಜಿ, ಪನೀರ್ ದೋಸೆ, ರಾತ್ರಿಗೆ ನಾರ್ತ್ ಇಂಡಿಯನ್ ಎಂದಾಗ ಅದೇ ಚಿಕ್ಕ ಅಡುಗೆಮನೆಯಲ್ಲಿ ಇಪ್ಪತ್ತು ಡಬ್ಬಿ ಅರೆಬೆಂದ ಪದಾರ್ಥ ಸರದಿ ಕಾಯುತ್ತವೆ. ಎರಡನೆಯದು ಸ್ಥಳ. ಇಂದಿರಾನಗರ, ಎಚ್‌ಎಸ್‌ಆರ್‌ನಂಥ ಕಡೆ ಮುಖ್ಯರಸ್ತೆಯ ಬಾಡಿಗೆ ಕಟ್ಟಿ, ಗೋಡೆಗೆ ಹಿತ್ತಾಳೆ ಫಲಕ ಹೊಡೆಸಿ, ಒಳಾಂಗಣಕ್ಕೆ ಸುರಿದ ಬಂಡವಾಳ ಎರಡು–ಮೂರು ವರ್ಷದಲ್ಲಿ ವಾಪಸು ಬರಬೇಕೆಂದರೆ ಒಂದೇ ಅಂಗಡಿಯಿಂದ ಆಗುವ ಮಾತಲ್ಲ. ಶಾಖೆ ಬೇಕು. ಶಾಖೆ ಬಂದರೆ ಸೆಂಟ್ರಲ್ ಕಿಚನ್ ಬರುತ್ತದೆ.

ಸೆಂಟ್ರಲ್ ಕಿಚನ್ ಅಂದೊಡನೆ ಮೂಗು ಮುರಿಯಬೇಕಾಗಿಲ್ಲ. ಪಲ್ಯದ ಆಲೂಗಡ್ಡೆ ಬೇಯಿಸಿ ಸುಲಿಯುವುದು, ಸಾಂಬಾರ್ ಪುಡಿ ಹುರಿಯುವುದು, ಬೇಳೆ ಬೇಯಿಸುವುದು ಒಂದೇ ಕಡೆ ಆದರೆ ಅಳತೆ ತಪ್ಪುವುದಿಲ್ಲ. ತೊಂದರೆ ಬರುವುದು ಹಿಟ್ಟಿನ ವಿಷಯದಲ್ಲಿ. ಹುಳಿ ಮೀರದಿರಲಿ ಎಂದು ಹಿಟ್ಟನ್ನು ನಾಲ್ಕು ಡಿಗ್ರಿಗೆ ತಂಪು ಮಾಡಿ ವ್ಯಾನಿನಲ್ಲಿ ಕಳಿಸುತ್ತಾರೆ. ರಿಂಗ್ ರೋಡಿನ ಹಳ್ಳ–ದಿಣ್ಣೆಯಲ್ಲಿ ಕುಲುಕಾಡಿ, ಪಾತ್ರೆಯಿಂದ ಪಾತ್ರೆಗೆ ಸುರಿದು, ಹಿಡಿದಿಟ್ಟ ಗಾಳಿ ಅರ್ಧ ಹೋಗಿರುತ್ತದೆ. ಶಾಖೆಯಲ್ಲಿ ಅದನ್ನು ಒಂದೂವರೆ–ಎರಡು ಗಂಟೆ ಹೊರಗಿಟ್ಟು ಕೋಣೆಯ ಶಾಖಕ್ಕೆ ತರಬೇಕು. ಜನ ನುಗ್ಗಿದ ಭಾನುವಾರ ಯಾರಿಗೆ ಅಷ್ಟು ತಾಳ್ಮೆ? ಫ್ರಿಜ್ಜಿನಿಂದ ತೆಗೆದದ್ದನ್ನೇ ಹುಯ್ಯುತ್ತಾರೆ. ತಣ್ಣನೆಯ ಹಿಟ್ಟು ಕಾವಲಿಯ ಕಾವನ್ನು ಇನ್ನಷ್ಟು ಎಳೆಯುತ್ತದೆ, ಗಟ್ಟಿಯಾದ್ದರಿಂದ ತೆಳ್ಳಗೆ ಹರಡುವುದಿಲ್ಲ. ಅದಕ್ಕೆ ನೀರು ಬೆರೆಸುತ್ತಾರೆ, ಬೆರೆಸಿದ ಮೇಲೆ ಗರಿ ಬರಲಿ ಎಂದು ಬೆಣ್ಣೆ ಹೆಚ್ಚು ಹಾಕುತ್ತಾರೆ. ತಿಂದವರು ಹೇಳುವುದು: ‘ತುಪ್ಪ, ಬೆಣ್ಣೆ ಸುರಿತಾರೆ ಕಣ್ರೀ, ಆದ್ರೂ ಆ ರುಚಿ ಇಲ್ಲ.’ ಅವರು ಹೇಳುವುದು ಸರಿ. ಬೆಣ್ಣೆ ಅಲ್ಲಿ ಹಿಟ್ಟಿನ ತಪ್ಪನ್ನು ಮುಚ್ಚುತ್ತಿದೆ.

ಪಲ್ಯದ್ದೂ ಒಂದು ಮಾತಿದೆ. ಕೋಲ್ಡ್ ಸ್ಟೋರೇಜಿನ ಆಲೂಗಡ್ಡೆ ತೀರಾ ತಂಪಿನಲ್ಲಿದ್ದರೆ ಪಿಷ್ಟ ಸಕ್ಕರೆಯಾಗಿ ಸಿಹಿಯಾಗುತ್ತದೆ. ಹೊಸ ಬೆಳೆಯ ಆಲೂಗಡ್ಡೆಯಲ್ಲಿ ನೀರು ಜಾಸ್ತಿ, ಪಲ್ಯ ಜಿಗುಟಾಗಿ ದೋಸೆಯ ಹೊಟ್ಟೆ ಮೆತ್ತಗಾಗುತ್ತದೆ. ಒಂದೇ ಹೋಟೆಲಿನ ಪಲ್ಯ ಒಂದು ತಿಂಗಳು ಸಿಹಿ, ಇನ್ನೊಂದು ತಿಂಗಳು ಸಪ್ಪೆ ಎನಿಸುವುದು ಭಟ್ಟರು ಬದಲಾದದ್ದರಿಂದಲೇ ಆಗಬೇಕಿಲ್ಲ.

ವಡೆ ಕೇಳಿ ನೋಡಿ

ಹೊಸ ಹೋಟೆಲಿಗೆ ಹೋದಾಗ ಪರೀಕ್ಷೆಗೆ ದೋಸೆಗಿಂತ ಉದ್ದಿನ ವಡೆ ಮೇಲು. ದೋಸೆಯ ತಪ್ಪನ್ನು ಬೆಣ್ಣೆ ಮುಚ್ಚುತ್ತದೆ, ಇಡ್ಲಿಯ ತಪ್ಪನ್ನು ಸಾಂಬಾರ್ ಮುಚ್ಚುತ್ತದೆ. ವಡೆಗೆ ಮುಚ್ಚಳ ಇಲ್ಲ. ಉದ್ದನ್ನು ಎರಡು ಗಂಟೆಗಿಂತ ಹೆಚ್ಚು ನೆನೆಸಬಾರದು, ತಣ್ಣೀರನ್ನು ಚಿಮುಕಿಸಿ ಚಿಮುಕಿಸಿ ರುಬ್ಬಬೇಕು, ಹಿಟ್ಟಿನ ಚೂರು ನೀರಲ್ಲಿ ತೇಲಬೇಕು, ರುಬ್ಬಿದ ಗಂಟೆಯೊಳಗೆ ಕರಿಯಬೇಕು. ಹೊತ್ತು ಮೀರಿದರೆ ಹಿಟ್ಟು ನೀರು ಬಿಟ್ಟು ಎಣ್ಣೆ ಕುಡಿಯುತ್ತದೆ. ಎಣ್ಣೆ 170–180 ಡಿಗ್ರಿಯಲ್ಲಿದ್ದರೆ ಹೊರಗೆ ಗರಿ, ಒಳಗೆ ಹತ್ತಿ. ಅದಕ್ಕಿಂತ ಕಮ್ಮಿಯಾದರೆ ಜಿಡ್ಡು, ಹೆಚ್ಚಾದರೆ ನಡುವೆ ಹಸಿ. ಸೆಂಟ್ರಲ್ ಕಿಚನ್‌ನಿಂದ ತಂದ ಹಿಟ್ಟಿನಲ್ಲಿ ಒಳ್ಳೆಯ ವಡೆ ಆಗುವುದೇ ಇಲ್ಲ ಎನ್ನಬಹುದು. ಅದಕ್ಕೇ ಶಾಖೆಗಳಲ್ಲಿ ಮೊದಲು ಮುಗ್ಗರಿಸುವುದು ವಡೆ. ಕೈಯಲ್ಲಿ ಮುರಿದು ಪೇಪರಿನ ಮೇಲೆ ಒಂದು ನಿಮಿಷ ಇಡಿ. ಅಡಿಯ ಕಲೆ ವಡೆಯ ಸುತ್ತಳತೆ ದಾಟಿ ಹರಡಿದರೆ ಆ ಹೋಟೆಲಿನಲ್ಲಿ ಹಿಟ್ಟು ಕಾಯುತ್ತಿದೆ ಎಂದರ್ಥ. ಎಣ್ಣೆ ಹಳತಾದರೆ ಬಾಣಲೆಯ ಅಂಚಿನಲ್ಲಿ ಸಣ್ಣ ನೊರೆ ಕಟ್ಟಿ ಆರದೆ ಉಳಿಯುತ್ತದೆ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಪದೇ ಪದೇ ಕಾದ ಎಣ್ಣೆ ಒಡೆದು ಹುಟ್ಟುವ ಪದಾರ್ಥ) ಶೇ 25 ದಾಟಿದರೆ ಅದನ್ನು ಚೆಲ್ಲಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದಲೇ ಇದೆ. ಗಿರಾಕಿಯ ಕಣ್ಣಿಗೆ ಕಾಣುವುದು ಈ ನೊರೆ.

ಇಡ್ಲಿಯಲ್ಲಿ ಬದಲಾವಣೆ ಬೇರೆ ಬಗೆಯದು. ಬಟ್ಟೆ ಹಾಸಿ ಬೇಯಿಸಿದ ಇಡ್ಲಿಯ ಅಡಿ ಉಸಿರಾಡುತ್ತದೆ, ಹೆಚ್ಚಿನ ಹಬೆಯನ್ನು ಬಟ್ಟೆ ಹೀರುತ್ತದೆ. ಆದರೆ ಪ್ರತಿ ಒಬ್ಬೆಗೂ ಬಟ್ಟೆ ತೊಳೆದು ಹಿಂಡುವವರು ಬೇಕು. ಆ ಕೆಲಸ ಉಳಿಸಲು ಪ್ಲಾಸ್ಟಿಕ್ ಹಾಳೆ ಬಂತು. ಬಿಸಿಯಲ್ಲಿ ಪ್ಲಾಸ್ಟಿಕ್ಕಿನ ಅಂಶ ಆಹಾರಕ್ಕೆ ಸೇರುತ್ತದೆಂಬ ಕಾರಣಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. ಈಗಲೂ ಕೆಲವು ಕಡೆ ಹಾಳೆ ಉಳಿದಿದೆಯೇ ಎಂದು ತಿಳಿಯಲು ಇಡ್ಲಿ ಮಗುಚಿ ನೋಡಿದರೆ ಸಾಕು. ಬಟ್ಟೆಯದಾದರೆ ಅಡಿಯಲ್ಲಿ ನೇಯ್ಗೆಯ ಗುರುತು ಇರುತ್ತದೆ, ಎಣ್ಣೆ ಸವರಿದ ತಟ್ಟೆಯದಾದರೆ ತಟ್ಟೆಯ ತೂತಿನ ಚುಕ್ಕಿ. ಕನ್ನಡಿಯಂತೆ ನುಣುಪಾಗಿ, ಅಲ್ಲಲ್ಲಿ ನೆರಿಗೆ ಬಿದ್ದಿದ್ದರೆ ಅದು ಹಾಳೆ.

ಚಟ್ನಿಯಲ್ಲಿ ತೆಂಗು ಎಷ್ಟು, ಕಾಫಿಯಲ್ಲಿ ಕಾಫಿ ಎಷ್ಟು

2025ರಲ್ಲಿ ತೆಂಗಿನಕಾಯಿ ಬೆಲೆ ಏರಿದ್ದು ಮನೆಗಳಿಗಿಂತ ಹೋಟೆಲುಗಳಿಗೆ ಹೆಚ್ಚು ತಟ್ಟಿತು. ನಿಂತು ತಿನ್ನುವ ದರ್ಶಿನಿಗಳಲ್ಲಿ ಚಟ್ನಿಗೆ ಲೆಕ್ಕವಿಲ್ಲ, ಎರಡನೇ ಸಲ ಕೇಳಿದರೂ ಹಾಕುತ್ತಾರೆ. ಹಾಗಾಗಿ ಬೆಲೆ ಏರಿದಾಗ ಬೋರ್ಡಿನ ದರ ಬದಲಾಗುವ ಮುಂಚೆಯೇ ಚಟ್ನಿ ಬದಲಾಗುತ್ತದೆ. ಮೊದಲು ಎರಡು ಪಾಲು ಕಾಯಿತುರಿಗೆ ಒಂದು ಪಾಲು ಹುರಿಗಡಲೆ ಹಾಕುತ್ತಿದ್ದವರು ಅದನ್ನು ಉಲ್ಟಾ ಮಾಡುತ್ತಾರೆ. ಗುರುತಿಸುವುದು ಸುಲಭ. ಕಾಯಿ ಹೆಚ್ಚಿರುವ ಚಟ್ನಿ ತಟ್ಟೆಯಲ್ಲಿ ಐದು ನಿಮಿಷಕ್ಕೆ ಅಂಚಿನಲ್ಲಿ ನೀರು ಬಿಡುತ್ತದೆ, ಹುರಿಗಡಲೆ ಹೆಚ್ಚಿದ್ದರೆ ಹಿಟ್ಟಿನಂತೆ ಹಾಗೇ ಕೂತಿರುತ್ತದೆ. ನೀರು ಬಿಟ್ಟ ಚಟ್ನಿಯನ್ನು ಕಂಡು ‘ನೀರು ಬೆರೆಸಿದ್ದಾರೆ’ ಎಂದು ಗೊಣಗುವವರು ಪಾಪ ಒಳ್ಳೆಯ ಚಟ್ನಿಯನ್ನೇ ಬೈಯುತ್ತಿರುತ್ತಾರೆ. ಕಾಯಿಚಟ್ನಿ ಮೂರು–ನಾಲ್ಕು ಗಂಟೆಗೆ ಹಳಸುವುದರಿಂದ ಅದನ್ನು ಶಾಖೆಯಲ್ಲೇ ರುಬ್ಬಲೇಬೇಕು. ಹುರಿಗಡಲೆಯದು ಇನ್ನೂ ಸ್ವಲ್ಪ ತಡೆಯುತ್ತದೆ, ಹೋಟೆಲಿಗೆ ಅದೂ ಒಂದು ಅನುಕೂಲ.

ಸಾಂಬಾರ್ ಸಿಹಿ ಎಂಬ ದೂರಿನಲ್ಲಿ ಮಾತ್ರ ಹೊಸತೇನಿಲ್ಲ. ಉಡುಪಿ ಕಡೆಯ ಅಡುಗೆಯವರು ಬೆಲ್ಲ ತಂದರು, ಬೆಂಗಳೂರು ಒಪ್ಪಿಕೊಂಡಿತು, ಮದರಾಸಿನ ಕಡೆಯವರು ಇಂದಿಗೂ ಒಪ್ಪಿಲ್ಲ.

ಕಾಫಿಯ ದರದ ಬಗ್ಗೆ ಬರುವ ಸಿಟ್ಟಿಗೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನೂರು ಗ್ರಾಂ ಪುಡಿಗೆ ಅರ್ಧ ಲೀಟರ್ ಕುದಿನೀರು ಹಾಕಿದರೆ ಸುಮಾರು 350 ಮಿಲಿ ಡಿಕಾಕ್ಷನ್ ಇಳಿಯುತ್ತದೆ, ಉಳಿದ ನೀರನ್ನು ಪುಡಿಯೇ ಹಿಡಿದುಕೊಳ್ಳುತ್ತದೆ. ದರ್ಶಿನಿಯ ಲೋಟಕ್ಕೆ 25 ಮಿಲಿ ಡಿಕಾಕ್ಷನ್, 75 ಮಿಲಿ ಹಾಲು. ಅಂದರೆ ಕಿಲೋ ಪುಡಿಗೆ 140 ಲೋಟ, ಲೀಟರ್ ಹಾಲಿಗೆ 13 ಲೋಟ. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಲೋಟಕ್ಕೆ ಬಿದ್ದದ್ದು 30 ಪೈಸೆ. ಅದೇ ಹೊತ್ತಿನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೀಜ ಹಿಂದೆಂದೂ ಕಾಣದ ಬೆಲೆಗೆ ಹೋಗಿತ್ತು. ಪುಡಿ ಕಿಲೋಗೆ 200 ರೂಪಾಯಿ ಏರಿದರೆ ಲೋಟಕ್ಕೆ ಒಂದು ರೂಪಾಯಿ 40 ಪೈಸೆಯ ಹೊರೆ. ಎರಡೂ ಸೇರಿ ಎರಡು ರೂಪಾಯಿ ಆಗುವುದಿಲ್ಲ. ಲೋಟದ ಮೇಲೆ ಐದು ರೂಪಾಯಿ ಏರಿಸಿದ ಹೋಟೆಲು ಉಳಿದ ಮೂರನ್ನು ಬಾಡಿಗೆ, ಸಂಬಳ, ಗ್ಯಾಸಿನ ಖಾತೆಗೆ ಹಾಕಿಕೊಂಡಿದೆ. ತಪ್ಪೆಂದು ಹೇಳುತ್ತಿಲ್ಲ, ಹಾಲಿನ ಹೆಸರು ಹೇಳಿ ಏರಿಸುವುದು ಗಿರಾಕಿಗೆ ಒಪ್ಪಿಸಲು ಸುಲಭ, ಅಷ್ಟೇ.

ದರ ಏರಿಸಲು ಹಿಂಜರಿಯುವವರಿಗೆ ಇನ್ನೊಂದು ದಾರಿ ಚಿಕೋರಿ. ಅದು ಕಾಫಿಗಿಂತ ಅಗ್ಗ, ಬಣ್ಣ ಗಾಢ, ಡಿಕಾಕ್ಷನ್ ಮಂದ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಮ್ಮಿ ಇರಬಾರದೆಂಬ ನಿಯಮವಿದೆ. ಒಳ್ಳೆಯ ಹೋಟೆಲುಗಳು 80:20 ಅಥವಾ 70:30ರಲ್ಲಿ ನಿಲ್ಲುತ್ತವೆ. ಚಿಕೋರಿ ಹೆಚ್ಚಾದ ಕಾಫಿ ಮೊದಲ ಗುಟುಕಿಗೆ ಸ್ಟ್ರಾಂಗ್ ಅನ್ನಿಸುತ್ತದೆ, ಕುಡಿದ ಮೇಲೆ ಬಾಯಲ್ಲಿ ಸುಟ್ಟ ಬೆಲ್ಲದ ಸಿಹಿಗಹಿ ಮಾತ್ರ ಉಳಿಯುತ್ತದೆ, ಘಮ ಉಳಿಯುವುದಿಲ್ಲ. ಬರೀ ಕಹಿ ಇದ್ದರೆ ಅದು ಚಿಕೋರಿಯ ತಪ್ಪಲ್ಲ, ಡಿಕಾಕ್ಷನ್ನನ್ನು ಬಿಸಿನೀರಿನ ಮೇಲೆ ಗಂಟೆಗಟ್ಟಲೆ ಕಾಯಿಸಿದ್ದು. ಇಲ್ಲೂ ಬೈಟು ಕಾಫಿಗಳ ಭರಾಟೆ ಇರುವ ಹೊತ್ತೇ ವಾಸಿ, ಡಿಕಾಕ್ಷನ್ ಹೊಸದಾಗಿ ಇಳಿಯುತ್ತಲೇ ಇರುತ್ತದೆ.

ತೆರಿಗೆ ಇಳಿದರೂ ಬೋರ್ಡು ಇಳಿಯದ್ದು

2025ರ ಸೆಪ್ಟೆಂಬರ್ 22ರಂದು ಬೆಣ್ಣೆ, ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ ‘ಇನ್ನು ಬೆಣ್ಣೆ ದೋಸೆ ಅಗ್ಗ’ ಎಂದು ಕಾದವರುಂಟು. ಒಂದು ದೋಸೆಗೆ 15 ಗ್ರಾಂ ಬೆಣ್ಣೆ, ಕಿಲೋಗೆ ತೆರಿಗೆ ಸೇರಿ 600 ರೂಪಾಯಿ ಎಂದಿಟ್ಟುಕೊಂಡರೆ ದೋಸೆಯ ಬೆಣ್ಣೆಗೆ 9 ರೂಪಾಯಿ. ತೆರಿಗೆ ಇಳಿದದ್ದರಿಂದ ಉಳಿದದ್ದು 56 ಪೈಸೆ. ಬೋರ್ಡು ಬರೆಯಿಸುವ ಖರ್ಚೂ ಹುಟ್ಟುವುದಿಲ್ಲ.

ಹೋಟೆಲುಗಳ ತೆರಿಗೆಯ ನಿಜವಾದ ಗಂಟು ಬೇರೆ ಕಡೆ ಇದೆ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ಬಿಲ್ಲಿಗೆ ಶೇ 5 ಜಿಎಸ್‌ಟಿ, ಆದರೆ ಹೋಟೆಲಿನವರು ಖರೀದಿಯ ಮೇಲೆ ತಾವು ಕಟ್ಟಿದ ತೆರಿಗೆಯನ್ನು ವಾಪಸು ಹಿಡಿದುಕೊಳ್ಳುವಂತಿಲ್ಲ. 19 ಕಿಲೋ ವಾಣಿಜ್ಯ ಸಿಲಿಂಡರಿಗೆ ಶೇ 18, ಮನೆಯ 14.2 ಕಿಲೋ ಸಿಲಿಂಡರಿಗೆ ಶೇ 5. ಗ್ಯಾಸು, ಬಾಡಿಗೆ, ಯಂತ್ರಗಳ ಮೇಲೆ ಕಟ್ಟಿದ ಶೇ 18 ಹಾಗೇ ದೋಸೆಯ ಬೆಲೆಯೊಳಗೆ ಕರಗುತ್ತದೆ. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿನವರು ಕಾಂಪೊಸಿಷನ್ ಪದ್ಧತಿಗೆ (ಒಟ್ಟು ವಹಿವಾಟಿನ ಮೇಲೆ ಒಂದೇ ದರದಲ್ಲಿ ಸರಳವಾಗಿ ತೆರಿಗೆ ಕಟ್ಟುವ ಏರ್ಪಾಡಿಗೆ) ಹೋಗಬಹುದು, ಅವರಿಗೂ ಶೇ 5. ಅದನ್ನು ಅವರು ತಮ್ಮ ಕೈಯಿಂದಲೇ ಕಟ್ಟಬೇಕು, ಬಿಲ್ಲಿನಲ್ಲಿ ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಬಿಲ್ಲಿನ ಮೇಲೆ ಕಾಂಪೊಸಿಷನ್ ಎಂದು ಬರೆದು ಕೆಳಗೆ ಜಿಎಸ್‌ಟಿ ಸೇರಿಸಿದ್ದರೆ ಕೇಳುವ ಹಕ್ಕು ನಿಮಗಿದೆ.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೀದಿಯಲ್ಲಿ ಎದ್ದ ಗಾಬರಿಗೂ ಇದೇ ಹಿನ್ನೆಲೆ. ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ದಿನಕ್ಕೆ ಸುಮಾರು 5,500 ರೂಪಾಯಿ. 50 ರೂಪಾಯಿಯ ತಟ್ಟೆ 110 ಹೋದರೆ ಮಿತಿ ತಲುಪುತ್ತದೆ. ಚೆನ್ನಾಗಿ ನಡೆಯುವ ಒಂದು ತಿಂಡಿ ಗಾಡಿಯ ಬೆಳಗಿನ ವ್ಯಾಪಾರ ಅಷ್ಟಿರುತ್ತದೆ. ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದ ಗಾಡಿಗಳನ್ನು ನಗರ ಕಂಡದ್ದು ಆಗಲೇ.

ದರವನ್ನು ಬಲವಂತವಾಗಿ ಹಿಡಿದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದೇ ಊರಿನಲ್ಲಿ ಉದಾಹರಣೆ ಇದೆ. 1924ರಲ್ಲಿ ಯಜ್ಞನಾರಾಯಣ ಮಯ್ಯರು ಸೋದರರೊಂದಿಗೆ ಶುರು ಮಾಡಿದ, 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆದ ಎಂಟಿಆರ್, ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರಕ್ಕೆ ಮಿತಿ ಹೇರಿದಾಗ ಗುಣಮಟ್ಟ ಇಳಿಸುವ ಬದಲು ಹೋಟೆಲನ್ನು ಮುಚ್ಚಿ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ತಿರುಗಿತು. ಹೋಟೆಲು ಮತ್ತೆ ತೆರೆದದ್ದು ಆಮೇಲೆ. ಎಲ್ಲರಿಗೂ ಅಂಥ ಎರಡನೇ ದಾರಿ ಇರುವುದಿಲ್ಲ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ನಗರದ ನಡುಮಧ್ಯದ ನಿವೇಶನಕ್ಕೆ ಈಗಿರುವ ಬೆಲೆಯಲ್ಲಿ ಇಡ್ಲಿ ಮಾರಿ ಆ ಜಾಗಕ್ಕೆ ನ್ಯಾಯ ಒದಗಿಸುವುದು ಯಾರಿಗಾದರೂ ಕಷ್ಟ.

ಇನ್ನು ಪಾರ್ಸೆಲ್. ಮನೆಬಾಗಿಲಿಗೆ ತರಿಸಿದ ಮಸಾಲೆ ದೋಸೆಯನ್ನು ಹಿಡಿದು ಹೋಟೆಲಿನ ರುಚಿ ಅಳೆಯುವುದು ಅನ್ಯಾಯ. ಕಾವಲಿಯಿಂದ ಇಳಿದ ದೋಸೆಯಿಂದ ಹಬೆ ಹೊರಡುತ್ತಲೇ ಇರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದೇ ಹಬೆ ನೀರಾಗಿ ವಾಪಸು ದೋಸೆಯ ಮೇಲೆ ಬೀಳುತ್ತದೆ, ಒಳಗಿನ ಪಲ್ಯ ಇನ್ನೊಂದು ಕಡೆಯಿಂದ ತೇವ ಕೊಡುತ್ತದೆ. ಐದು ನಿಮಿಷಕ್ಕೆ ಗರಿ ಹೋಗಿ, ಇಪ್ಪತ್ತು ನಿಮಿಷಕ್ಕೆ ಮಡಿಚಿದಲ್ಲಿ ಅಂಟಿಕೊಳ್ಳುತ್ತದೆ. ಆ್ಯಪಿನಲ್ಲಿ ಬೆಲೆ ಹೋಟೆಲಿನ ಬೋರ್ಡಿಗಿಂತ ಹೆಚ್ಚಿರುವುದು ಕಮಿಷನ್ ತುಂಬಿಸಲು, ಅದರಿಂದ ದೋಸೆಗೆ ಏನೂ ಸೇರುವುದಿಲ್ಲ. ತರಿಸಲೇಬೇಕಾದರೆ ಸೆಟ್ ದೋಸೆ ತರಿಸಿ, ಅದು ಮೆತ್ತಗಿರಬೇಕಾದ್ದೇ. ಇಡ್ಲಿಯೂ ಪ್ರಯಾಣ ತಡೆಯುತ್ತದೆ, ಸಾಂಬಾರ್ ಬೇರೆ ಕಟ್ಟಿಸಿ. ಮಸಾಲೆಯೇ ಬೇಕೆಂದರೆ ಖುದ್ದಾಗಿ ಹೋಗಿ, ಪಲ್ಯ ಬೇರೆ, ದೋಸೆ ಖಾಲಿ ಎಂದು ಹೇಳಿ, ಬಾಳೆಎಲೆ–ಪೇಪರಿನಲ್ಲಿ ಸಡಿಲವಾಗಿ ಸುತ್ತಿಸಿಕೊಳ್ಳಿ. ಮನೆಗೆ ಬಂದ ಮೇಲೆ ದಪ್ಪ ಹಂಚನ್ನು ಚೆನ್ನಾಗಿ ಕಾಯಿಸಿ, ಉರಿ ತಗ್ಗಿಸಿ, ಎಣ್ಣೆ ಹಾಕದೆ, ಕೆಂಪಾದ ಬದಿ ಕೆಳಗೆ ಮಾಡಿ ಒಂದೂವರೆ ನಿಮಿಷ ಇಟ್ಟರೆ ತೇವ ಹೋಗುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ಮಾತ್ರ ದೋಸೆ ರಬ್ಬರಾಗುತ್ತದೆ.